ಒಂಬತ್ತನೇ ಪುಟದ ಮೂರು ಸಾಲು

ಪತ್ರಿಕೆಯ ಪ್ರಕಾರ ಬಾಂಬಿನಂತೆ ಸಿಡಿದು ಚೂರುಚೂರಾಗಿದ್ದ ಫೋನು, ಅವಳ ಬೀರುವಿನಲ್ಲಿ ಮಡಿಸಿಟ್ಟ ಟವೆಲ್ಲುಗಳ ನಡುವೆ ಒಂದು ಗೀರೂ ಇಲ್ಲದೆ ಮಲಗಿತ್ತು. ಭಾನುವಾರಕ್ಕೊಮ್ಮೆ ಅವಳು ಅದನ್ನು ಹೊರತೆಗೆದು ಚಾರ್ಜಿಗೆ ಹಾಕುತ್ತಿದ್ದಳು. ಯಾರಿಗೂ ಕರೆ ಮಾಡುವುದಕ್ಕಲ್ಲ. ಸಸಿಗೆ ನೀರು ಹಾಕುವ ಹಾಗೆ, ಅಷ್ಟೇ. ಮೂಲೆಯ ಅಂಕಿ ಒಂದೊಂದಾಗಿ ಏರುವುದನ್ನು ನೋಡುತ್ತ ಕಿಟಕಿಯ ಬಳಿ ಕೂತಿರುತ್ತಿದ್ದಳು. ಮೇಲೆ ವಿಮಾನ ಹೋದರೆ ಕಿಟಕಿಯ ಗಾಜು ಸಣ್ಣಗೆ ಗುನುಗುತ್ತಿತ್ತು. ಗಾಜು ಸುಮ್ಮನಾದ ಮೇಲೂ ಆ ಗುನುಗು ಅವಳ ಕಿವಿಯಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತಿತ್ತು. ಒಂದು ವರ್ಷದಿಂದ ಎಲ್ಲವೂ ಹಾಗೇ, ಹತ್ತಿಯೊಳಗಿಂದ ಕೇಳಿದ ಹಾಗೆ, ನೀರಿನಡಿಯಿಂದ ಕಂಡ ಹಾಗೆ.

ಅವಳ ಗಂಡ ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ತಪಾಸಣೆಗಾರನಾಗಿದ್ದ. ವಿಮಾನ ಏರಲಿರುವ ಪೆಟ್ಟಿಗೆಗಳ ಚೀಟಿ ಓದುವುದು, ಮೂಲೆ ಜಜ್ಜಿದೆಯೇ, ತಳ ಒದ್ದೆಯಾಗಿದೆಯೇ ನೋಡುವುದು, ಒಳಗೆ ಬ್ಯಾಟರಿಯಿದ್ದರೆ ಅದಕ್ಕೆ ತಕ್ಕ ಗುರುತು ಅಂಟಿಸಿದ್ದಾರೆಯೇ ಎಂದು ಪರೀಕ್ಷಿಸುವುದು ಅವನ ಕೆಲಸ. ಎಲ್ಲ ಮುಗಿದ ಮೇಲೆ ಪಟ್ಟಿಯಲ್ಲಿಲ್ಲದ ಒಂದನ್ನು ಮಾಡುತ್ತಿದ್ದ: ಕೈಯ ಹಿಂಬದಿಯನ್ನು ಪೆಟ್ಟಿಗೆಯ ಮೈಗೆ ಆನಿಸಿ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ನಿಲ್ಲುತ್ತಿದ್ದ. ಅಂಗೈ ದುಡಿದು ಜಡ್ಡುಗಟ್ಟಿರುತ್ತೆ, ಸುಳ್ಳು ಹೇಳುತ್ತೆ. ಹಿಂಬದಿ ಇನ್ನೂ ಮಗುವಿನ ಹಾಗೆ, ಬಿಸಿ ತಾಗಿದರೆ ತಾನೇ ಹಿಂದಕ್ಕೆ ಬರುತ್ತೆ ಎನ್ನುತ್ತಿದ್ದ. ಮನೆಗೆ ಬಂದರೂ ಆ ಚಾಳಿ ಬಿಡುತ್ತಿರಲಿಲ್ಲ. ಹಾಲಿನ ಪಾತ್ರೆ, ಟಿವಿಯ ಬೆನ್ನು, ಇಸ್ತ್ರಿಯಾದ ಅಂಗಿ, ಮಲಗಿದ್ದ ಇವಳ ಕೆನ್ನೆ, ಎಲ್ಲಕ್ಕೂ ಅದೇ ತಪಾಸಣೆ.

"ಪಾಸಾ?" ಎಂದು ಇವಳು ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದಳು.

"ಊಹೂಂ. ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ನೋಡಬೇಕು," ಎನ್ನುತ್ತಿದ್ದ.

ಇವಳದು ಬೇರೆ ಲೋಕ. ಮಿಕ್ಸರು, ಟಾರ್ಚು, ಇಸ್ತ್ರಿಪೆಟ್ಟಿಗೆಗಳ ಜೊತೆ ಬರುತ್ತದಲ್ಲ, ಯಾರೂ ಓದದೆ ಎಸೆಯುವ ಬಳಕೆಯ ಚೀಟಿ, ಅದನ್ನು ಬರೆಯುವ ಪುಟ್ಟ ಕಚೇರಿಯಲ್ಲಿ ಕೆಲಸ. ಭಾಷಾಶಾಸ್ತ್ರ ಓದಿ ಪದಕ ತಂದವಳು 'ಒದ್ದೆ ಕೈಯಿಂದ ಮುಟ್ಟಬೇಡಿ' ಎಂದು ಬರೆಯುತ್ತ ಕೂತಿದ್ದಾಳೆ ಎಂದು ಅವನು ಛೇಡಿಸುತ್ತಿದ್ದ. ಅವಳಿಗೆ ಆ ಕೆಲಸ ಹಿಡಿಸಿತ್ತು. ಹೇಳಬೇಕಾದ್ದು ಒಂದಿರುತ್ತದೆ, ಜಾಗ ಬೆರಳಷ್ಟಿರುತ್ತದೆ. ಉಳಿದದ್ದನ್ನು ಬಿಡಬೇಕು.

ಅವನು ಹೋದ ಮರುದಿನ ಪತ್ರಿಕೆಯ ಮೊದಲ ಪುಟದಲ್ಲಿ ಬಂದಿತ್ತು: 'ಊಟದ ಬಳಿಕ ನಿದ್ದೆ, ದಿಂಬಿನಡಿ ಸಿಡಿದ ಫೋನು, ವಿಮಾನ ನಿಲ್ದಾಣದ ನೌಕರ ಬಲಿ.' ಕೆಳಗೆ ಒಂದು ಚಿತ್ರ: ಶೆಡ್ಡಿನ ವಿಶ್ರಾಂತಿ ಕೋಣೆ, ಬೆಂಚು, ಬೆಂಚಿನ ಮೇಲೆ ದಿಂಬು, ಪಕ್ಕದಲ್ಲಿ ಮರದ ಟ್ರೇ ತುಂಬ ಫೋನುಗಳು. ಆ ಸಾಲುಗಳನ್ನು ಅವಳು ಆಗಲೇ ಓದಿದ್ದಳು. ತನ್ನ ಗಂಡನ ಸುದ್ದಿ ಎಂದೇ ಅನ್ನಿಸಿರಲಿಲ್ಲ. ಅದೇ ಹೆಸರಿನ ಇನ್ಯಾರೋ ನಿದ್ದೆಬುರುಕ, ಪಾಪ, ಎಂದುಕೊಂಡಿದ್ದಳು. ಆಮೇಲೆ ಮನೆಗೆ ಪತ್ರಿಕೆ ಬರುವುದು ನಿಂತಿತು.

ಆದರೆ ಅತ್ತೆಗೆ ಹಾಗೆ ಕಿವಿ ಮುಚ್ಚಿಕೊಳ್ಳುವಂತಿರಲಿಲ್ಲ. ಅತ್ತೆ ಮನೆಯ ಮುಂಗೋಣೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಸರಿಮಾಡಿ ಕೊಡುತ್ತಿದ್ದರು. ಬಂದವರು ಬಟ್ಟೆಯ ಜೊತೆ ಮಾತನ್ನೂ ತರುತ್ತಿದ್ದರು. "ಮಲಗಿದ್ದಾಗಲೇ ಹೋದ್ರಂತೆ, ಒಂದು ಲೆಕ್ಕದಲ್ಲಿ ಪುಣ್ಯ, ನೋವೇ ಗೊತ್ತಾಗಿರಲ್ಲ," ಎಂದು ಒಬ್ಬಾಕೆ ಸಮಾಧಾನ ಹೇಳಿದಳು. ಆ ವಾರ ಆಕೆಯ ಹೊಸ ಅಂಗಿ ಎರಡು ಬೆರಳು ಬಿಗಿಯಾಯಿತು.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ," ಎಂದರು ಅತ್ತೆ ಸೂಜಿಗೆ ದಾರ ಪೋಣಿಸುತ್ತ. "ಊರ ಬಾಯಿಗೆ ಹೊಲಿಗೆ ಹಾಕೋ ಸೂಜಿ ನನ್ನ ಹತ್ರ ಇಲ್ಲ ಕಣೇ. ಇದ್ದಿದ್ರೆ..."

ಮೀಸೆ ಅಣ್ಣ ಬಂದದ್ದು ಅಂಥದೇ ಒಂದು ಭಾನುವಾರ, ಫೋನಿನ ಅಂಕಿ ಅರವತ್ತು ದಾಟಿದ್ದಾಗ. ಶೆಡ್ಡಿನ ಹಿರಿಯ ತಪಾಸಣೆಗಾರ ಅವನು. ಗಂಡನಿಗೆ ಕೆಲಸ ಕಲಿಸಿದವನು. ಊಟದ ಚೀಲದಿಂದ ಒಂದು ಕಂದು ಲಕೋಟೆ ತೆಗೆದು ಅವಳ ಮುಂದಿಟ್ಟ.

"ವಿಚಾರಣೆ ವರದಿ ಬಂತು ತಂಗಿ. ಒಂದು ವರ್ಷ ಬೇಕಾಯ್ತು. ನಮ್ಮೋರ ಮುಂದೆ ಆಮೆ ಕೂಡ ಓಟಗಾರ."

"ಏನಿದೆ ಅಣ್ಣ ಇದರಲ್ಲಿ?"

"ನಮಗೆ ಗೊತ್ತಿದ್ದದ್ದೇ ಇದೆ. ಆದ್ರೆ ಸೀಲು ಬಿದ್ದಿದೆ."

ಅವಳು ಬಿಡಿಸಿ ಓದಿದಳು. ಶೆಡ್ಡಿನ ಬಾಗಿಲ ಮೇಲಿನ ಕ್ಯಾಮೆರಾ ಕಂಡದ್ದನ್ನು ನಿಮಿಷ ನಿಮಿಷಕ್ಕೆ ಬರೆದಿದ್ದರು. ಎರಡು ಗಂಟೆ ಹನ್ನೊಂದು ನಿಮಿಷ: ತಪಾಸಣೆಗಾರ, ಮಕ್ಕಳ ಆಟಿಕೆ ಎಂದು ಬರೆದ ಪೆಟ್ಟಿಗೆಯ ಮೇಲೆ ಕೈಯ ಹಿಂಬದಿ ಇಟ್ಟರು. ಎರಡು ಹನ್ನೆರಡು: ಇನ್ನೊಮ್ಮೆ ಇಟ್ಟರು. ಎರಡು ಹದಿಮೂರು: ಪೆಟ್ಟಿಗೆಯನ್ನು ಕೈಗಾಡಿಗೆ ಏರಿಸಿ ಹೊರಗಿನ ಮರಳಿನ ಜಾಗಕ್ಕೆ ತಳ್ಳಿಕೊಂಡು ಹೋದರು. ಪೆಟ್ಟಿಗೆಯಲ್ಲಿ ಆಟಿಕೆಯಿರಲಿಲ್ಲ, ಯಾರೋ ಮಾರಲು ಹೊರಟಿದ್ದ, ಉಬ್ಬಿದ ಹಳೆಯ ಬ್ಯಾಟರಿಗಳಿದ್ದವು. ಸ್ಫೋಟವಾಗಲಿಲ್ಲ. ಒಂದು ಕಾದು ಪಕ್ಕದ್ದನ್ನು ಕಾಯಿಸಿತು, ಅದು ಅದರ ಪಕ್ಕದ್ದನ್ನು. ಬಿಳಿಯ ದಟ್ಟ ವಿಷದ ಹೊಗೆ ಎದ್ದಿತು. ಎರಡು ಹದಿನಾರು: ತಪಾಸಣೆಗಾರ ಕೂಡಲೇ ದೂರ ಸರಿಯಬೇಕಿತ್ತು; ಬೇರೆಯವರು ಹತ್ತಿರ ಬಾರದಂತೆ ಕೈ ಬೀಸುತ್ತ ಹೊಗೆಯಲ್ಲೇ ನಿಂತರು.

ಅಕ್ಷರಗಳು ಅವಳ ಕಣ್ಣೆದುರು ಮೆಲ್ಲಗೆ ಅಲುಗಿದವು. ಸದ್ದಿಲ್ಲದ ಆ ಮಧ್ಯಾಹ್ನ, ಕೈಗಾಡಿ, ಬಿಳಿ ಮರಳು, ಯಾರನ್ನೋ ಬೀಳ್ಕೊಡುವವನ ಹಾಗೆ ಕೈ ಬೀಸುತ್ತ ನಿಂತ ಅವನು. ಬೀಳ್ಕೊಡುವವನ ಹಿಂದೆ ಮೋಡ.

"ಮತ್ತೆ ಫೋನು?" ಎಂದರು ಅತ್ತೆ, ಯಂತ್ರ ನಿಲ್ಲಿಸಿ.

"ಫೋನು ಟ್ರೇಯಲ್ಲೇ ಇತ್ತಲ್ಲಮ್ಮ. ಶೆಡ್ ಒಳಗೆ ಹೋಗೋ ಮುಂಚೆ ಎಲ್ರೂ ಅಲ್ಲಿಟ್ಟು ಹೋಗೋದು ನಮ್ಮ ಪದ್ಧತಿ. ದಿಂಬು ನನ್ನ ಬೆನ್ನುನೋವಿಗೆ ತಂದಿಟ್ಟದ್ದು. ಆ ಪೇಪರಿನೋನು ಟ್ರೇ ನೋಡಿದ, ಬೆಂಚು ನೋಡಿದ, ದಿಂಬು ನೋಡಿದ. ಕಥೆ ಕಟ್ಟಿದ." ಮೀಸೆ ಅಣ್ಣ ಊಟದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. "ನಾನು ಬಂದಿದ್ದು ಇನ್ನೊಂದು ವಿಷಯಕ್ಕೆ. ಹೇಳೋಕೆ ನಾಲಿಗೆ ಬರ್ತಿಲ್ಲ."

"ಹೇಳಿ ಅಣ್ಣ."

"ಮುಂದಿನ ಸೋಮವಾರ ಹೊಸಬರ ತಂಡ ಬರುತ್ತೆ. ತರಬೇತಿ ಕೋಣೆ ಗೋಡೆ ಮೇಲೆ ಆ ಪೇಪರ್ ಕಟಿಂಗನ್ನ ದೊಡ್ಡದು ಮಾಡಿಸಿ ಹಾಕಿದ್ದಾರೆ. ಪಕ್ಕದಲ್ಲಿ ಅವನ ಫೋಟೋ ಬೇರೆ. ಮೇಲೆ 'ಹೀಗಾಗಬಾರದು' ಅಂತ ಕೆಂಪಕ್ಷರ. ತೆಗೀರಿ ಅಂದೆ. ತರಬೇತಿ ಸಾಹೇಬರು ಹೇಳ್ತಾರೆ, ಪೇಪರಲ್ಲಿ ಬಂದಿದ್ದು, ಪೇಪರೇ ತಪ್ಪು ಅಂದ್ರೆ ತೆಗೀತೀನಿ ಅಂತ."

ಹೊಲಿಗೆಯಂತ್ರದ ಚಕ್ರ ತಾನಾಗಿ ಅರ್ಧ ಸುತ್ತು ತಿರುಗಿ ನಿಂತಿತು.

"ಬರೀ ಅವನ ಮರ್ಯಾದೆ ಮಾತಲ್ಲ ತಂಗಿ. ಆ ಹುಡುಗರು ಅದನ್ನ ಓದಿ ಫೋನು ಕಾಯ್ತಾರೆ. ಪೆಟ್ಟಿಗೆ ಯಾರು ಮುಟ್ಟಿ ನೋಡ್ತಾರೆ?"

ಅವನು ಹೊರಟ ಮೇಲೆ ಅತ್ತೆ ಸೊಸೆಯ ಮುಂದೆ ಬಂದು ನಿಂತರು. "ಹೋಗು. ಅವನು ಸತ್ತಾಗ ಎಷ್ಟು ದೊಡ್ಡದಾಗಿ ಹಾಕಿದ್ರೋ ಅಷ್ಟೇ ದೊಡ್ಡದಾಗಿ ಹಾಕಿಸಿ ಬಾ. ಒಂದು ಗೇಣೂ ಕಮ್ಮಿ ಆಗಬಾರದು."

ಪತ್ರಿಕೆಯ ಕಚೇರಿ ಮೂರನೇ ಮಹಡಿಯಲ್ಲಿತ್ತು. ಫ್ಯಾನುಗಳ ಕೆಳಗೆ ಕಾಗದಗಳು ಏಳಲೂ ಆರದೆ ಮಲಗಲೂ ಆರದೆ ಅಂಚು ಮಾತ್ರ ಎತ್ತುತ್ತಿದ್ದವು. ಅವಳಿಗೆ ಅವುಗಳ ಮೇಲೆ ಮರುಕ ಹುಟ್ಟಿತು. ಆ ಸುದ್ದಿ ಬರೆದ ವರದಿಗಾರ ಈಗ ಸಿನಿಮಾ ಪುಟದಲ್ಲಿದ್ದ. ಕಣ್ಣಡಿ ಕಪ್ಪಾದ, ಉಗುರು ಕಚ್ಚುವ ಯುವಕ. ಹಳೆಯ ಪುಟವನ್ನು ಪರದೆಯ ಮೇಲೆ ತಂದುಕೊಂಡು ಅವಳನ್ನು ನೋಡದೆ ಮಾತಾಡಿದ.

"ಕಣ್ಣಾರೆ ನೋಡಿದ್ದೇ ಬರ್ದಿದ್ದು ಮೇಡಂ. ಟ್ರೇ ತುಂಬ ಫೋನು, ಎಲ್ಲ ಚಾರ್ಜಿಗೆ ಹಾಕಿದ್ದು. ಬೆಂಚು, ದಿಂಬು. ಕಡೇಸಲ ಎಲ್ಲಿ ನೋಡಿದ್ರಿ ಅಂತ ವಾಚ್‌ಮನ್ನಿಗೆ ಕೇಳ್ದೆ, ಊಟ ಮುಗಿಸಿ ಬೆಂಚಿನ ಹತ್ರ ಅಂದ. ಬ್ಯಾಟರಿ ಅಂತ ಯಾರೋ ಅಂದ್ರು. ಸೇರಿಸಿದೆ."

"ಸಿಡಿದ ಫೋನು ನೋಡಿದ್ರಾ?"

"ಚೂರುಚೂರಾಗಿದೆ ಅಂತ..."

"ಯಾರು ಅಂದ್ರು?"

ಅವನು ಪರದೆಯ ಪುಟವನ್ನು ಮೇಲೆ ಕೆಳಗೆ ಸರಿಸಿದ. ಅವಳು ಚೀಟಿಯೊಂದರಲ್ಲಿ ಒಂದು ಸಂಖ್ಯೆ ಬರೆದು ಅವನ ಮುಂದೆ ಸರಿಸಿದಳು. "ಈ ನಂಬರಿಗೊಂದು ಕರೆ ಮಾಡಿ."

ಅವನು ಮಾಡಿದ. ಅವಳ ಕೈಚೀಲದೊಳಗಿಂದ, ಒಂದು ವರ್ಷದ ಬಳಿಕ, ಆ ಫೋನು ಹಾಡಿತು. ಪೆದ್ದುಪೆದ್ದಾದ ರಾಗ, ಬಾತುಕೋಳಿ ಕೂಗಿದ ಹಾಗೆ. ಬದಲಾಯಿಸು ಎಂದು ಅವಳು ಎಷ್ಟೋ ಸಲ ಜಗಳವಾಡಿದ್ದಳು. ಕಚೇರಿಯ ಅರ್ಧ ಜನ ತಿರುಗಿ ನೋಡಿದರು. ಅವಳು ಅದನ್ನು ಹೊರತೆಗೆದು ಮೇಜಿನ ಮೇಲಿಟ್ಟಳು. ಅದು ಕಂಪಿಸುತ್ತ, ಕೂಗುತ್ತ, ಮೇಜಿನ ಅಂಚಿನ ಕಡೆ ಇಷ್ಟಿಷ್ಟೇ ನಡೆದುಕೊಂಡು ಹೋಯಿತು. ವರದಿಗಾರ ಕರೆ ನಿಲ್ಲಿಸುವುದನ್ನೇ ಮರೆತು ಕೂತಿದ್ದ.

"ಇದಾ?"

"ಇದೇ."

ಸದ್ದು ಕೇಳಿ ಗಾಜಿನ ಕೋಣೆಯಿಂದ ಸಂಪಾದಕರು ಬಂದರು. ವರದಿ ಓದಿದರು, ಫೋನನ್ನು ತಿರುಗಿಸಿ ನೋಡಿದರು, ಗಂಟಲು ಸರಿಮಾಡಿಕೊಂಡರು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಿಂಗೆ ಎಷ್ಟು ಸಲ ಹೇಳಿದೀನಪ್ಪ?" ಎಂದು ವರದಿಗಾರನನ್ನು ಗದರಿದರು. ಆಮೇಲೆ ಅವಳ ಕಡೆ ತಿರುಗಿದರು. "ತಿದ್ದುಪಡಿ ಹಾಕೋಣ. ಒಂಬತ್ತನೇ ಪುಟ, ಕೆಳಗೆ. ಮೂರು ಸಾಲು, ಇಪ್ಪತ್ತೈದು ಪದ. ಅದು ನಮ್ಮ ನಿಯಮ."

ವರದಿಗಾರ ತಟ್ಟನೆ ಎದ್ದು ನಿಂತ. "ಸರ್, ಬೇಡ. ನಾನು ಕೆಡಿಸಿದ್ದು, ನಾನೇ ಸರಿ ಮಾಡ್ತೀನಿ. ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಕೊಡಿ." ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಕೂತು ಟಪಟಪನೆ ಒತ್ತಿದ. ನೋಡನೋಡುತ್ತ ಪರದೆಯ ಮೇಲೆ ಅರ್ಧ ಪುಟ ಮೂಡಿತು: ಎಡಗಡೆ ಬೆಂಕಿಯ ನಾಲಿಗೆ ಚಾಚಿದ ವಿಮಾನದ ಚಿತ್ರ, ಬಲಗಡೆ ಅವಳ ಗಂಡನ ನಗುಮುಖ, ಮೇಲೆ 'ಉರಿಯುವ ಪೆಟ್ಟಿಗೆ ಎದೆಗವಚಿ ಓಡಿದ ವೀರ, ನೂರೆಂಬತ್ತು ಪ್ರಯಾಣಿಕರಿಗೆ ಮರುಜನ್ಮ.'

ಅವಳು ನೋಡುತ್ತಲೇ ಇದ್ದಳು. ಚೆನ್ನಾಗಿತ್ತು. ಅವನು ಅಷ್ಟು ದೊಡ್ಡದಾಗಿ ನಕ್ಕದ್ದನ್ನು ಅವಳು ಬಹಳ ದಿನದಿಂದ ಕಂಡಿರಲಿಲ್ಲ. ಅತ್ತೆ ಇದನ್ನು ಚೌಕಟ್ಟು ಹಾಕಿಸಿ ಹೊಲಿಗೆಯಂತ್ರದ ಮೇಲೆ ತೂಗುಹಾಕುತ್ತಾರೆ. ಬಟ್ಟೆ ತಂದವರು ತಲೆಯೆತ್ತಿ ನೋಡುತ್ತಾರೆ. ಮಲಗಿದ್ದವನು ಎಂದು ಇನ್ನು ಯಾರೂ ಅನ್ನುವುದಿಲ್ಲ. ಒಂದು ಕ್ಷಣ ಆ ಪುಟ ಬೆಚ್ಚಗಿನ ಹೊದಿಕೆಯ ಹಾಗೆ ಅವಳ ಮೇಲೆ ಇಳಿದು ಬಂತು. ಅದರೊಳಗೆ ಮುದುರಿಕೊಂಡು ನಿದ್ದೆ ಹೋಗಬಹುದು ಅನ್ನಿಸಿತು.

ತನಗೇ ತಿಳಿಯದ ಹಾಗೆ ಅವಳ ಕೈ ಮುಂದೆ ಹೋಯಿತು. ಹಿಂಬದಿ ಪರದೆಗೆ ತಾಗಿತು. ಪರದೆ ಬಿಸಿಯಾಗಿತ್ತು. ಕೈ ಹಿಂದಕ್ಕೆ ಬಂತು.

"ಯಾವ ಪ್ರಯಾಣಿಕರು?" ಎಂದಳು.

"ವಿಮಾನದಲ್ಲಿರೋರು ಮೇಡಂ."

"ಅಲ್ಲಿ ವಿಮಾನ ಇರಲಿಲ್ಲ. ಆ ಪೆಟ್ಟಿಗೆ ಮರುದಿನ ಬೆಳಗ್ಗೆ ಸರಕಿನ ವಿಮಾನದಲ್ಲಿ ಹೋಗೋದಿತ್ತು. ಅದರಲ್ಲಿ ಪ್ರಯಾಣಿಕರೇ ಇರಲ್ಲ."

"ಇರಬಹುದಿತ್ತಲ್ಲ."

"ಎದೆಗೆ ಅವಚಿಕೊಂಡೂ ಓಡಲಿಲ್ಲ. ಕೈಗಾಡಿಯಲ್ಲಿ ತಳ್ಳಿಕೊಂಡು ಹೋದ್ರು. ಓಡಿದ್ರೆ ಪೆಟ್ಟಿಗೆ ಅಲುಗುತ್ತೆ. ಇದನ್ನ ಓದಿ ನಾಳೆ ಯಾರಾದ್ರೂ ಹೊಸಬರು ಎದೆಗೆ ಅವಚಿಕೊಂಡು ಓಡಿದ್ರೆ?"

"ಇಷ್ಟು ಒಳ್ಳೇದಾಗಿ ಬರೆದ್ರೂ ಬೇಡ ಅಂತೀರಲ್ಲ ಮೇಡಂ," ಎಂದ ಅವನು ಸೋತ ದನಿಯಲ್ಲಿ. ಅವನ ತಾಯಿಯೋ ಅಕ್ಕನೋ ಆಗಿದ್ದರೆ ಅವಳು ಆಗ ಅವನ ತಲೆ ಸವರುತ್ತಿದ್ದಳೇನೋ.

ಸಂಪಾದಕರು ತಾವೇ ತಿದ್ದುಪಡಿಯನ್ನು ಬರೆಸಹೊರಟರು. "'ಕಳೆದ ವರ್ಷದ ವರದಿಯೊಂದರಲ್ಲಿ ಕೆಲವು ಲೋಪಗಳು ನುಸುಳಿದ್ದು...'"

"ಸರ್, ನಾನು ಬರೀಲಾ? ಇದು ನನ್ನ ಕೆಲಸ."

ಖಾಲಿ ಮೇಜೊಂದರ ಮುಂದೆ ಕೂರಿಸಿದರು. ಅವಳು ಬರೆದಳು, ಹೊಡೆದುಹಾಕಿದಳು. 'ಪ್ರಾಣದ ಹಂಗು ತೊರೆದು' ಎಂದು ಬರೆದು ಹೊಡೆದುಹಾಕಿದಳು. 'ನನ್ನ' ಎಂದು ಬರೆದು, ಅದನ್ನು ಬಹಳ ಹೊತ್ತು ನೋಡಿ, ಹೊಡೆದುಹಾಕಿದಳು. ಫ್ಯಾನಿನ ಗಾಳಿಗೆ ಕಾಗದದ ಅಂಚು ಎದ್ದರೆ ಇನ್ನೊಂದು ಕೈಯಿಂದ ಒತ್ತಿ ಹಿಡಿದಳು. ಕೊನೆಗೆ ಉಳಿದದ್ದು ಇಷ್ಟು:

'ಸರಕು ಶೆಡ್ಡಿನ ತಪಾಸಣೆಗಾರ ಮಲಗಿರಲಿಲ್ಲ. ಅವರ ಫೋನು ಸಿಡಿದಿರಲಿಲ್ಲ. ಆಟಿಕೆ ಎಂದು ಬರೆದ ಪೆಟ್ಟಿಗೆಯಲ್ಲಿ ಕೆಟ್ಟ ಬ್ಯಾಟರಿಗಳಿದ್ದವು. ಪೆಟ್ಟಿಗೆ ಬೆಚ್ಚಗಿರುವುದನ್ನು ಮುಟ್ಟಿ ತಿಳಿದು ಹೊರಗೆ ಒಯ್ದರು. ನಮ್ಮ ವರದಿ ತಪ್ಪಾಗಿತ್ತು.'

ಸಂಪಾದಕರು ಪೆನ್ನಿನ ತುದಿಯಿಂದ ಎಣಿಸಿದರು. "ಇಪ್ಪತ್ತೆರಡು. ಇನ್ನೂ ಮೂರು ಪದಕ್ಕೆ ಜಾಗ ಇದೆಯಮ್ಮ. ತಪಾಸಣೆಗಾರ ಅನ್ನೋದಕ್ಕೆ ಏನಾದರೂ ವಿಶೇಷಣ ಸೇರಿಸ್ತೀರಾ? ಧೀರ, ಕರ್ತವ್ಯನಿಷ್ಠ..."

ಅವಳು ಕಾಗದ ತೆಗೆದುಕೊಂಡು 'ಮುಟ್ಟಿ' ಎಂಬುದರ ಹಿಂದೆ ಎರಡು ಪದ ಸೇರಿಸಿದಳು: 'ಕೈಯ ಹಿಂಬದಿಯಿಂದ'.

"ಇದು ಯಾಕೆ?"

"ಹೊಸಬರು ಓದ್ತಾರೆ."

ಅವರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಉಳಿದ ಒಂದೇ ಒಂದು ಪದದ ಜಾಗದಲ್ಲಿ ತಮ್ಮ ಕೈಯಾರೆ 'ವಿಷಾದಿಸುತ್ತೇವೆ' ಎಂದು ಬರೆದರು.

ತಿದ್ದುಪಡಿ ಬುಧವಾರದ ಪತ್ರಿಕೆಯಲ್ಲಿ ಬಂತು. ಅಂದು ಅತ್ತೆಯೇ ಬೀದಿಯ ಕೊನೆಗೆ ಹೋಗಿ ಕೊಂಡು ತಂದರು. ಮೊದಲ ಪುಟ ನೋಡಿದರು, ಎರಡನೆಯದು ನೋಡಿದರು. ಪುಟ ತಿರುವುವ ಸದ್ದು ಜೋರಾಗುತ್ತ ಹೋಯಿತು. ಅವಳು ಒಂಬತ್ತನೇ ಪುಟ ತೆಗೆದು, ಹವಾಮಾನದ ಅಂಕಿಗಳ ಕೆಳಗೆ ಬೆರಳಿಟ್ಟು ತೋರಿಸಿದಳು.

"ಇಷ್ಟೇನಾ?"

"ಇಷ್ಟೇ ಅತ್ತೆ."

ಅತ್ತೆ ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು. ಕೊರಳಲ್ಲಿ ತೂಗುತ್ತಿದ್ದ ಅಳತೆಯ ಟೇಪು ತೆಗೆದು ಆ ಮೂರು ಸಾಲನ್ನು ಅಳೆದರು. "ಒಂದೂ ಕಾಲು ಇಂಚು," ಎಂದರು. "ಗೇಣಷ್ಟು ಕೇಳಿದ್ರೆ ಒಂದೂ ಕಾಲು ಇಂಚು ತಂದಿದೀಯ."

"ಅರ್ಧ ಪುಟ ಕೊಡ್ತೀನಿ ಅಂದ್ರು. ಸುಳ್ಳಿತ್ತು. ಬೇಡ ಅಂದೆ."

ಅತ್ತೆ ಯಂತ್ರದ ಮುಂದೆ ಹೋಗಿ ಕೂತರು. ಅರ್ಧ ದಿನ ಹಾಗೇ ಕಳೆಯಿತು. ಹೊಲಿಗೆಯಂತ್ರ ಓಡುತ್ತ ನಿಲ್ಲುತ್ತ ಓಡುತ್ತ, ದೂರದ ಯಾವುದೋ ರೈಲಿನ ಹಾಗೆ ಮನೆಯೊಳಗೇ ಹೋಗಿ ಬಂದು ಮಾಡುತ್ತಿತ್ತು. ಸಂಜೆ ಅವಳು ಮುಂಗೋಣೆಗೆ ಬಂದಾಗ ಅತ್ತೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ, ಆ ಮೂರು ಸಾಲನ್ನು ಕತ್ತರಿಸುತ್ತಿದ್ದರು.

"ಚಿಕ್ಕವನಿದ್ದಾಗಲೂ ಹಾಗೇ," ಎಂದರು ತಲೆ ಎತ್ತದೆ. "ಬೆಳೆಯೋ ಮೈ ಅಂತ ಒಂದಿಷ್ಟು ಸಡಿಲ ಬಿಟ್ಟು ಹೊಲಿದ್ರೆ ಹಾಕ್ಕೋತಾನೇ ಇರ್ಲಿಲ್ಲ. ನನ್ನ ಅಳತೆಗೆ ಹೊಲಿ, ಇಲ್ಲಾಂದ್ರೆ ಬೇಡ, ಅಂತ ರಂಪ." ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಅವನ ಅಳತೆಗಿದೆ."

ಆಮೇಲೆ ಅವರು ಅತ್ತರು; ಆ ವರ್ಷ ಅವಳು ನೋಡಿದ ಹಾಗೆ ಮೊದಲ ಸಲ. ಅವಳಿಗೆ ಅಳು ಬರಲಿಲ್ಲ. ಆದರೆ ಅತ್ತೆ ಮೂಗು ಒರೆಸಿಕೊಂಡ ಸದ್ದು ಸ್ಪಷ್ಟವಾಗಿ, ಹತ್ತಿಯ ಅಡ್ಡವಿಲ್ಲದೆ ಕೇಳಿಸಿತು.

ಸೋಮವಾರ ಮೀಸೆ ಅಣ್ಣ ಅವಳನ್ನು ತರಬೇತಿಗೆ ಕರೆದೊಯ್ದ. ಗೋಡೆ ಖಾಲಿಯಾಗಿತ್ತು, ಕಟಿಂಗು ಇದ್ದ ಜಾಗ ಸುತ್ತಲಿನ ಬಣ್ಣಕ್ಕಿಂತ ಬೆಳ್ಳಗೆ, ಯಾರೋ ಈಗಷ್ಟೇ ತೆರೆದ ಕಿಟಕಿಯ ಹಾಗೆ ಕಾಣುತ್ತಿತ್ತು.

"ಸಾಹೇಬರಿಗೆ ತೋರಿಸಿದೆ," ಎಂದ ಅಣ್ಣ. "ಇಷ್ಟು ಚಿಕ್ಕದಾ, ಗೋಡೆ ಮೇಲೆ ಹಾಕಿದ್ರೆ ಹಲ್ಲಿ ಕೂಡ ಓದಲ್ಲ ಅಂದ್ರು. ದೊಡ್ಡದು ಮಾಡಿಸೋಣ ಅಂದ್ರು. ನಾನು ಬೇಡ ಅಂದೆ. ಜಾಗ ನಾನೇ ಹುಡುಕಿದೀನಿ, ಬಾ."

ವಿಶ್ರಾಂತಿ ಕೋಣೆಯ ಮರದ ಟ್ರೇಗೆ ಈಗ ಮುಚ್ಚಳವಿತ್ತು. ಆ ಮುಚ್ಚಳದ ಮೇಲೆ, ಗಾಜಿನ ಚೂರಿನಡಿ, ಅತ್ತೆ ಕತ್ತರಿಸಿ ಅಣ್ಣನ ಕೈಗೆ ಕೊಟ್ಟಿದ್ದ ಮೂರು ಸಾಲು. ಒಳಗೆ ಹೋಗುವ ಪ್ರತಿಯೊಬ್ಬರೂ ಫೋನು ಇಡಲು ಬಗ್ಗಬೇಕು, ಬಗ್ಗಿದವರು ಓದಲೇಬೇಕು. ಹೊಸಬರು ಆರು ಮಂದಿ ಒಬ್ಬೊಬ್ಬರಾಗಿ ಬಗ್ಗಿದರು, ತುಟಿಯಲ್ಲೇ ಓದಿಕೊಂಡರು, ಒಳಗೆ ನಡೆದರು. ಅವಳು ಬಾಗಿಲಲ್ಲಿ ನಿಂತಳು.

ಶೆಡ್ಡಿನ ಎತ್ತರದ ಕಿಂಡಿಗಳಿಂದ ಬೆಳಕು ಉದ್ದುದ್ದ ಪಟ್ಟಿಗಳಾಗಿ ಇಳಿದಿತ್ತು. ಪೆಟ್ಟಿಗೆಗಳ ಸಾಲುಗಳು ಯಾವುದೋ ನಿದ್ರಿಸುವ ಊರಿನ ಬೀದಿಗಳ ಹಾಗಿದ್ದವು. ಆ ಬೀದಿಗಳಲ್ಲಿ ಆರು ಮಂದಿ ಮೆಲ್ಲಗೆ ನಡೆಯುತ್ತ, ಪ್ರತಿ ಪೆಟ್ಟಿಗೆಯ ಬಳಿ ನಿಂತು, ಕೈಯ ಹಿಂಬದಿ ಆನಿಸಿ, ಒಂದು ಉಸಿರು ಎಳೆದು ಬಿಟ್ಟು, ಮುಂದೆ ಹೋಗುತ್ತಿದ್ದರು. ಹೊರಗೆ ವಿಮಾನವೊಂದು ಏರಿತು. ನೆಲ ಗುನುಗಿತು. ಯಾರೂ ತಲೆಯೆತ್ತಲಿಲ್ಲ.

ಕೊನೆಯ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ನಿಂತುಬಿಟ್ಟಳು. ಇನ್ನೊಮ್ಮೆ ಮುಟ್ಟಿದಳು.

"ಅಣ್ಣಾ, ಇದು ಬೆಚ್ಚಗಿದೆ."

ಶೆಡ್ಡಿನಲ್ಲಿ ಎಲ್ಲ ನಿಂತಿತು. ಮೀಸೆ ಅಣ್ಣ ಹೋಗಿ ಚೀಟಿ ಓದಿದ, ಮೂಗು ಹತ್ತಿರ ತಂದು ಮೂಸಿದ, ಕೈಯ ಹಿಂಬದಿ ಆನಿಸಿದ. ಮೇಲೆ ಕಿಂಡಿಯ ಕಡೆ ನೋಡಿದ. ಬಿಸಿಲಿನ ಪಟ್ಟಿಯೊಂದು ನೇರ ಆ ಪೆಟ್ಟಿಗೆಯ ಮೇಲೆ ಬಿದ್ದಿತ್ತು.

"ಬಿಸಿಲು ಕಣಮ್ಮ. ಒಳಗಿರೋದು ಪಿಂಗಾಣಿ ತಟ್ಟೆ," ಎಂದ. ಉಳಿದವರು ನಕ್ಕರು. ಹುಡುಗಿಯ ಮುಖ ಕೆಂಪಾಯಿತು.

"ನಗೋದೇನು? ಅವಳು ಕೇಳಿದ್ಲು. ನೀವು ಕೇಳ್ತಿದ್ರಾ?" ಮೀಸೆ ಅಣ್ಣ ಹುಡುಗಿಯ ಕಡೆ ತಿರುಗಿದ. "ಈಗ ಏನು ಮಾಡ್ತೀಯ?"

ಹುಡುಗಿ ಬಾಗಿಲಲ್ಲಿ ನಿಂತ ಅಪರಿಚಿತ ಹೆಂಗಸಿನ ಕಡೆ ಒಮ್ಮೆ ನೋಡಿದಳು, ಉತ್ತರ ಅಲ್ಲಿದೆಯೇನೋ ಎಂಬಂತೆ.

"ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ನೋಡ್ತೀನಿ," ಎಂದಳು.

ಪೆಟ್ಟಿಗೆಯನ್ನು ನೆರಳಿಗೆ ಸರಿಸಿದರು. ಅದು ತಣ್ಣಗಾಗುವವರೆಗೆ ಅವಳು ಬಾಗಿಲಲ್ಲೇ ಕಾದು ನಿಂತಳು.